ಮನೆ ನೋಡುವ ಗೃಹಸ್ಥರು

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣಿಸಿಕೊಳ್ಳುವ, ಆದರೆ ಯಾವ ಜನಗಣತಿಯಲ್ಲೂ ಲೆಕ್ಕಕ್ಕೆ ಸಿಗದ ಒಂದು ವರ್ಗವನ್ನು ‘ಮನೆ ನೋಡುವ ಗೃಹಸ್ಥರು’ ಎಂದು ಕರೆಯಬಹುದು. ಇವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಬಹುಕಾಲ ನೌಕರಿ ಮಾಡಿ, ನಿವೃತ್ತಿ ಹತ್ತಿರವಾದಂತೆ ಅಗ್ಗದ ಹಳ್ಳಿಮನೆಯೊಂದನ್ನು ಕೊಳ್ಳುವ ಸಂಕಲ್ಪ ತೊಟ್ಟವರು. ಸಂಕಲ್ಪದ ಮೊದಲ ಆವೃತ್ತಿಯಲ್ಲಿ ಬೆಟ್ಟ, ಮಂಜು ಮತ್ತು ಕಾಫಿ ತೋಟ ಇದ್ದೇ ಇರುತ್ತವೆ; ಸಕಲೇಶಪುರ, ಮೂಡಿಗೆರೆಗಳ ಕಡೆ ಹಳೆಯ ಮನೆಗಳು ಹೋಂಸ್ಟೇಗಳಾಗಿ ಬದಲಾದ ಮೇಲಿನ ಬೆಲೆ ಕಿವಿಗೆ ಬಿದ್ದ ಕ್ಷಣದಿಂದ ಹುಟ್ಟಿದ ಸೀಮೆಯ ಮೇಲಿನ ಅಭಿಮಾನ ಉಕ್ಕಿ ಬರುತ್ತದೆ. ಆದರೂ ಎತ್ತರದ ಹಂಬಲವನ್ನು ಇವರು ಪೂರ್ತಿ ಬಿಡುವುದಿಲ್ಲ. ಜಮಖಂಡಿಯ ಪಟವರ್ಧನ ಅರಸರು ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಕಟ್ಟಿಸಿದ್ದರಲ್ಲವೇ, ಆ ಸಂಸ್ಥಾನ 1948ರಲ್ಲೇ ವಿಲೀನವಾದ ಮೇಲೆ ಸಾಮಾನ್ಯ ಪ್ರಜೆಗೂ ಒಂದು ದಿನ್ನೆ ದಕ್ಕಬಾರದೇಕೆ, ಎಂಬುದು ಇವರ ವಾದ.

ಹೀಗೆ ಹುಡುಕುತ್ತ ಬರುವವರು ತುಬಚಿಯಂಥ ಊರನ್ನು ತಲುಪುತ್ತಾರೆ. ಕೃಷ್ಣೆಯ ನೀರನ್ನು ವಿಜಯಪುರದ ಕಡೆಗೆ ಎತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಊರಿನ ಹೆಸರು ಪತ್ರಿಕೆಗಳಲ್ಲಿ ಪರಿಚಿತವಾಗಿದ್ದು, ನಾಳೆ ಬೆಲೆ ಏರಬಹುದೆಂಬ ಗುಟ್ಟಿನ ಲೆಕ್ಕವೂ ಇವರ ಜೇಬಿನಲ್ಲಿರುತ್ತದೆ. ಇಲ್ಲಿ ಗುಡ್ಡದ ಬದಲು ಎರೆ ಭೂಮಿ, ಅಂದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣು. ಈ ಮಣ್ಣಿನ ಮೇಲೆ ಆಳವಾದ ತಳಪಾಯವಿಲ್ಲದೆ ಎದ್ದ ಗೋಡೆಯೂ ನೆಲದೊಂದಿಗೇ ಉಬ್ಬಿ ಬಿರಿಯುತ್ತದೆ ಎಂಬುದನ್ನು ಗೃಹಸ್ಥರು ಓದಿ ತಿಳಿದಿರುತ್ತಾರಾದ್ದರಿಂದ, ಪ್ರತಿ ಬಿರುಕಿನ ಮುಂದೆಯೂ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ ತೀರದ ಹಳ್ಳಿಗಳಿಗೆ ನೆರೆ ನುಗ್ಗಿದ್ದು ನೆನಪಾಗಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳುತ್ತಾರೆ. ಮಾರುವವನ ಕೈ ಸೊಂಟದ ಮಟ್ಟವನ್ನೂ ನೆರೆಮನೆಯವನ ಕೈ ಎದೆಯ ಮಟ್ಟವನ್ನೂ ತೋರಿಸುತ್ತವೆ.

ಮನೆಯೊಳಗೆ ಕಾಲಿಟ್ಟ ಮೇಲೆ ಇವರ ಪ್ರೀತಿ ಮತ್ತು ಪರೀಕ್ಷೆ ಎರಡೂ ಒಟ್ಟಿಗೆ ಶುರುವಾಗುತ್ತವೆ. ಕಲ್ಲಿನ ಗೋಡೆ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಪಡಸಾಲೆಯ ಪಕ್ಕದಲ್ಲೇ ದನಗಳಿಗೆ ಮೇವು ಹಾಕುವ ಗೋದಲಿ, ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವು, ಇವೆಲ್ಲವನ್ನೂ ಕಂಡು ಕಣ್ತುಂಬಿಕೊಂಡವರೇ, ಗೋದಲಿಯ ಜಾಗದಲ್ಲಿ ಕಮೋಡು ಕೂರಿಸಲು ಸಾಧ್ಯವೇ ಎಂದು ವಿಚಾರಿಸುತ್ತಾರೆ. ಆಮೇಲೆ ಅಳತೆಯ ಟೇಪು ಹೊರಬರುತ್ತದೆ, ಏಕೆಂದರೆ ‘ಆಯ’ ನೋಡಬೇಕು. ಮನೆಯ ಉದ್ದ ಅಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿ ಉಳಿದ ಶೇಷದಿಂದ ಮನೆಯ ಗುಣ ಹೇಳುವ ಈ ಪದ್ಧತಿಯಲ್ಲಿ ಧ್ವಜ, ಸಿಂಹ, ವೃಷಭ, ಗಜ ಎಂಬ ಬೆಸ ಶೇಷಗಳು ಶುಭ. ಧೂಮ, ಶ್ವಾನ, ಖರ, ಕಾಕಗಳು ಅಶುಭ. ಗೋಡೆಯ ಒಳಮೈಯಿಂದ ಅಳೆದರೆ ಕತ್ತೆ ಬರುವ ಮನೆಗೆ ಹೊರಮೈಯಿಂದ ಅಳೆದರೆ ಆನೆ ಬರಬಹುದಾದ್ದರಿಂದ, ಎರಡು ಮೊಳ ದಪ್ಪದ ಗೋಡೆಗಳನ್ನು ಕಟ್ಟಿದ ಹಿರಿಯರ ಜಾಣತನಕ್ಕೆ ಮಾರುವವರು ಇಂದಿಗೂ ಋಣಿಗಳು.

ಆದರೆ ಮನೆ ಅಗ್ಗವಾಗಿರುವುದಕ್ಕೆ ಕಾರಣ ಗೋಡೆಯಲ್ಲಿಲ್ಲ, ಕಾಗದದಲ್ಲಿದೆ. ಗಾವಠಾಣ, ಅಂದರೆ ಹೊಲಗಳಿಂದ ಬೇರೆಯಾದ ಊರೊಳಗಿನ ವಸತಿ ಪ್ರದೇಶದ ಆಸ್ತಿಗೆ, ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತಿನ ದಾಖಲೆ ಪಡೆಯಬೇಕು. ಅದನ್ನು ಕೇಳಿದೊಡನೆ ಮನೆಯವರು, “ಮನಿ ಛಲೋ ಐತ್ರೀ ಸಾಹೇಬ್ರ, ಕಾಗದ ಮಾತ್ರ ಇನ್ನಾ ನಮ್ಮ ಮುತ್ಯಾನ ಹೆಸರಿಗೇ ಅದಾವ್ರಿ” ಎನ್ನುತ್ತಾರೆ. ಮುತ್ಯಾ ತೀರಿಕೊಂಡು ಎರಡು ತಲೆಮಾರು ಕಳೆದಿದ್ದರೂ ವಾರಸಾ ಆಗಿರುವುದಿಲ್ಲ, ಅಂದರೆ ಸತ್ತವರ ಹೆಸರು ಇಳಿದು ಹಕ್ಕುದಾರರ ಹೆಸರು ಏರಿರುವುದಿಲ್ಲ. ಆ ಹಕ್ಕುದಾರರಲ್ಲಿ ಒಬ್ಬ ಇಚಲಕರಂಜಿಯ ಮಗ್ಗದ ಮುಂದೆ, ಒಬ್ಬ ಗೋವೆಯ ಕಟ್ಟಡದ ಮೇಲೆ, ಮೂವರು ಹೆಣ್ಣುಮಕ್ಕಳು ಮೂರು ತಾಲ್ಲೂಕಿನ ಗಂಡನ ಮನೆಗಳಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿರುವುದರಿಂದ, ಪಂಚಮಿಗೆ ತವರಿಗೆ ಕರೆಯಲು ಮರೆತ ತಂಗಿಯ ಸಹಿಯಿಲ್ಲದೆ ಖರೀದಿ ಪತ್ರ ಮುಂದೆ ಸಾಗುವುದಿಲ್ಲ. ಇದು ನ್ಯಾಯವೇ ಸರಿ. ಗೃಹಸ್ಥರೂ ಸಭೆಗಳಲ್ಲಿ ಇದನ್ನು ಸಮರ್ಥಿಸಿ ಮಾತಾಡಿದವರೇ, ಕೇವಲ ಈ ಮನೆಯ ಮಟ್ಟಿಗೆ ಒಂದು ವಿನಾಯಿತಿ ಇದ್ದಿದ್ದರೆ ಎಂದು ಅವರಿಗೆ ಅನಿಸುತ್ತದೆ. ಸಂಚಕಾರ, ಅಂದರೆ ವ್ಯವಹಾರ ಗಟ್ಟಿಮಾಡುವ ಮುಂಗಡ, ಜೇಬಿನಿಂದ ಅರ್ಧ ಹೊರಬಂದು ಮತ್ತೆ ಒಳಹೋಗುತ್ತದೆ. “ಇನ್ನೊಮ್ಮೆ ಬರ್ತೀನ್ರೀ” ಎಂದು ಅವರು ಎದ್ದು ನಿಲ್ಲುತ್ತಾರೆ.

ಇಷ್ಟು ಓದಿದವರು ಗೃಹಸ್ಥರನ್ನು ನಿರುಪಯೋಗಿಗಳೆಂದು ತೀರ್ಮಾನಿಸಿದರೆ ಅದು ಹಳ್ಳಿಯ ಅರ್ಥಶಾಸ್ತ್ರ ಅರಿಯದ ಮಾತು. ಇವರು ಬಂದು ಹೋದ ಸಂಜೆಯೇ, ಬೆಂಗಳೂರಿನ ಸಾಹೇಬರು ಇಷ್ಟಕ್ಕೆ ಕೇಳಿದರೆಂಬ ಸುದ್ದಿ, ಹೇಳಿದ ಅಂಕಿಗಿಂತ ತುಸು ದೊಡ್ಡ ಅಂಕಿಯೊಂದಿಗೆ ಅಗಸಿ ಕಟ್ಟೆಯ ಮೇಲೆ ಕೂತಿರುತ್ತದೆ. ಆ ಖಾಲಿ ಮನೆಯ ಹಿತ್ತಲಲ್ಲಿ ಪುಕ್ಕಟೆಯಾಗಿ ಕಣಿಕೆಯ ಬಣವೆ ಒಟ್ಟುತ್ತ, ಕಬ್ಬಿನ ಟ್ರೇಲರು ನಿಲ್ಲಿಸುತ್ತ ಬಂದಿದ್ದ ಅಣ್ಣತಮ್ಮಿಕೆಯ ನೆರೆಯವನಿಗೆ, ಪರಸ್ಥಳದವರು ಗೋಡೆಗೆ ಗೋಡೆ ಹಚ್ಚಿ ಬರುವ ಭಯ ಅಂದೇ ಮೊದಲು ಹುಟ್ಟುತ್ತದೆ. ಮಾರಾಟಕ್ಕೆ ಬಂದ ಪಾಲನ್ನು ಸಹವಾರಸುದಾರರು ಮೊದಲು ಕೊಳ್ಳಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಹೇಳುತ್ತದೆ. ನೆರೆಯವನು ಆ ಕಲಮಿನ ವ್ಯಾಪ್ತಿಗೆ ಬರುವಷ್ಟು ಹತ್ತಿರದ ವಾರಸುದಾರನಲ್ಲದಿದ್ದರೂ, ಕಾಯ್ದೆಯನ್ನು ಕಂಡೇ ಇರದಿದ್ದರೂ, ಅದರ ಆಶಯವನ್ನು ತಕ್ಷಣ ಕಾರ್ಯರೂಪಕ್ಕೆ ತರುತ್ತಾನೆ. ಇಚಲಕರಂಜಿಯಿಂದ ಒಬ್ಬ, ಗೋವೆಯಿಂದ ಒಬ್ಬ ಬರುತ್ತಾರೆ. ತಂಗಿಯರಿಗೆ ಇಳಕಲ್ ಸೀರೆಯೊಂದಿಗೆ ಪಾಲಿನ ಹಣವೂ ಸಲ್ಲುತ್ತದೆ. ವರ್ಷಗಟ್ಟಲೆ ಕೂಡದ ಸಹಿಗಳು ಒಂದೇ ದಿನ ಜಮಖಂಡಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೂಡುತ್ತವೆ.

ಆದ್ದರಿಂದಲೇ ಮನೆ ಮಾರಬೇಕಾದ ಕುಟುಂಬಗಳು ಈ ಗೃಹಸ್ಥರ ದೂರವಾಣಿ ಸಂಖ್ಯೆಯನ್ನು ಜೋಪಾನವಾಗಿ ಕಾಯ್ದುಕೊಳ್ಳುತ್ತವೆ. ಮನೆ ಹೋಯಿತೆಂಬ ಸುದ್ದಿ ತಿಳಿದು ಅವರು ನಿಟ್ಟುಸಿರು ಬಿಡುವ ಹೊತ್ತಿಗೆ, ಅದೇ ಓಣಿಯಿಂದ ಮತ್ತೊಬ್ಬರು ಕರೆ ಮಾಡಿ, ತಮ್ಮದೂ ಒಂದು ಮಾಳಿಗೆ ಮನೆಯಿದೆಯೆಂದೂ, ಕೊಳ್ಳಲೇಬೇಕೆಂದೇನಿಲ್ಲ, ಹಗಲುಹೊತ್ತಿನಲ್ಲಿ ಕಾರು ಬಾಗಿಲ ಮುಂದೆಯೇ ನಿಲ್ಲಿಸಿ ಸಾವಕಾಶ ಅಳೆದು ನೋಡಿಹೋದರೆ ಸಾಕೆಂದೂ, ಊಟಕ್ಕೆ ರೊಟ್ಟಿ-ಎಣ್ಣೆಗಾಯಿ ಮಾಡಿಸಿರುವುದಾಗಿಯೂ ತಿಳಿಸುತ್ತಾರೆ.