ನೀರಿನ ಮೇಲೋ, ಮರಳಿನ ಮೇಲೋ

ಮಾಲ್ಡೀವ್ಸ್‌ಗೇ ಬುಕ್ ಮಾಡಿದಾನಾ ಮಗ? ತುಂಬಾ ಒಳ್ಳೇದಾಯ್ತು ಅಕ್ಕ. ಮನೆ, ಸ್ಕೂಲು, ಮಕ್ಕಳ ಪರೀಕ್ಷೆ ಅಂತ ಇಷ್ಟು ವರ್ಷ ಓಡಾಡಿದೀರಿ, ನೀವೂ ಭಾವನೂ ನಾಲ್ಕು ದಿನ ಸಮುದ್ರ ನೋಡ್ಕೊಂಡು ಕೂತರೆ ಯಾರ ಗಂಟೂ ಹೋಗಲ್ಲ. ಅಷ್ಟು ದುಡ್ಡು ಸುರಿದು ಮಲಗೋಕೆ ಹೋಗಬೇಕಾ ಅಂತ ಭಾವ ಗೊಣಗ್ತಿದಾರೆ ಅಂದ್ರಲ್ಲ, ಅವರ ಮಾತು ಕಿವಿಗೆ ಹಾಕ್ಕೋಬೇಡಿ, ಹೊರಡಿ. ಆದರೆ ಮಗ ಯಾವ ಕೋಣೆ ಹಿಡಿದಿದಾನೆ ಅಂತ ಮೊದಲು ಕೇಳಿ. ನೀರಿನ ಮೇಲೆ ಕಟ್ಟಿರೋ ವಿಲ್ಲಾನಾ? ಹಾಗಾದ್ರೆ ಬದಲಾಯಿಸೋಕೆ ಇನ್ನೂ ಅವಕಾಶ ಇದ್ಯಾ ವಿಚಾರಿಸಿ.

ಗೊತ್ತು, ಎಲ್ಲರ ಫೋಟೋದಲ್ಲೂ ಅದೇ ಬರುತ್ತೆ. ಕಂಬಗಳ ಮೇಲೆ ಸಾಲು ಸಾಲು ಮನೆ, ಕೆಳಗೆ ತಿಳಿನೀಲಿ ನೀರು. ಅದು ಮಾಲ್ಡೀವ್ಸಿನವರ ಹಳೇ ಪದ್ಧತಿ ಏನಲ್ಲ. ಅದು ಶುರುವಾಗಿದ್ದು ಪೆಸಿಫಿಕ್ ಸಾಗರದಲ್ಲಿ, ತಾಹಿತಿ ಕಡೆ, 1960ರ ದಶಕದಲ್ಲಿ. ಕ್ಯಾಲಿಫೋರ್ನಿಯಾದಿಂದ ಬಂದ ಮೂವರು ಗೆಳೆಯರು ರೈಯಾಟಿಯಾ ಅನ್ನೋ ದ್ವೀಪದಲ್ಲಿ ಹೋಟೆಲ್ ನಡೆಸ್ತಿದ್ರು. ಅವರ ಜಾಗಕ್ಕೆ ಮರಳಿನ ದಂಡೆಯೇ ಇರಲಿಲ್ಲ, ಎದುರಿಗಿದ್ದ ಹವಳದ ದಿಬ್ಬ ಮಾತ್ರ ಬಹಳ ಚೆನ್ನಾಗಿತ್ತು. ದಂಡೆ ಇಲ್ಲದ ಕೊರತೆ ತುಂಬಿಕೊಳ್ಳೋಕೆ ನೀರಿನ ಮೇಲೇ ಗುಡಿಸಲು ಕಟ್ಟಿದ್ರು. ಮಾಲ್ಡೀವ್ಸಿನಲ್ಲಿ ಆ ಕೊರತೆ ಎಲ್ಲಿದೆ ಹೇಳಿ? ದ್ವೀಪದ ಸುತ್ತ ಹಿಟ್ಟಿನಷ್ಟು ನುಣ್ಣನೆ ಬಿಳಿ ಮರಳು. ದಂಡೆಯ ಮೇಲಿನ ಕೋಣೆ ಸಾಮಾನ್ಯವಾಗಿ ಬೆಲೆಯಲ್ಲೂ ಕಡಿಮೆ. ಬಾಗಿಲು ತೆಗೆದ್ರೆ ಮರದ ನೆರಳು, ನಾಲ್ಕು ಹೆಜ್ಜೆ ಇಟ್ಟರೆ ಸಮುದ್ರ. ನೀರಿನ ಮೇಲಿನ ಮನೆಯಾದ್ರೆ ಉದ್ದದ ಮರದ ಸೇತುವೆ ಮೇಲೆ ಸುಡುಬಿಸಿಲಲ್ಲಿ ಊಟಕ್ಕೆ ನಡೀಬೇಕು. ಸಮುದ್ರಕ್ಕೆ ಇಳಿಯೋಕೆ ಏಣಿ, ಅದರ ಕೆಳಗಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತೆ. ಭಾವನ ಮಂಡಿಗೆ ಅದು ಬೇಡವೇ ಬೇಡ.

ಇನ್ನೊಂದು ಕೇಳೋಕೆ ಹೇಳಿ. ಆ ರೆಸಾರ್ಟಿಗೆ ಹೌಸ್ ರೀಫ್ ಇದ್ಯಾ ಅಂತ. ದಡದಿಂದಲೇ ನೀರಿಗಿಳಿದು ತಲುಪೋ ಹಾಗಿರೋ ಹವಳದ ದಿಬ್ಬಕ್ಕೆ ಹಾಗಂತಾರೆ. ಕೆಲವು ದ್ವೀಪಗಳಲ್ಲಿ ಅದು ಕಾಲಡಿಯಲ್ಲೇ ಇರುತ್ತೆ, ಕೆಲವು ಕಡೆ ದೋಣಿ ಹತ್ತಿಯೇ ಹೋಗಬೇಕು. ಬಾತ್‌ಟಬ್ ಎಷ್ಟು ದೊಡ್ಡದು, ಬೆಳಗಿನ ತಿಂಡಿಗೆ ಎಷ್ಟು ಬಗೆ ಇಡ್ತಾರೆ, ಅದೆಲ್ಲ ಆಮೇಲೆ ನೋಡಿದ್ರಾಯ್ತು. ಈಜು ಬರಲ್ಲ ಅಂತ ಹೆದರಬೇಡಿ. ಲೈಫ್ ಜಾಕೆಟ್ ಕೊಡ್ತಾರೆ, ಕೇಳಿದ್ರೆ ಜೊತೆಗೆ ಒಬ್ಬರನ್ನ ಕಳಿಸ್ತಾರೆ. ಸ್ನಾರ್ಕೆಲ್ ಕಚ್ಚಿಕೊಂಡು ಮುಖ ನೀರಿನಲ್ಲಿ ಅದ್ದಿ ತೇಲ್ತಾ ಇದ್ರೆ ಸಾಕು. ಬಟ್ಟೆಯ ಚಿಂತೆಯೂ ಬೇಡ, ಅಲ್ಲಿನ ಊರ ಹೆಣ್ಣುಮಕ್ಕಳೆಲ್ಲ ಮೈತುಂಬ ಬಟ್ಟೆ ಹಾಕ್ಕೊಂಡೇ ಈಜೋದು. ತುಂಬುತೋಳಿನ ಉಡುಪು ಹಾಕ್ಕೊಂಡ್ರೆ ಬಿಸಿಲಿನ ಕ್ರೀಮನ್ನೂ ಅಷ್ಟು ಬಳಿಯಬೇಕಾಗಿಲ್ಲ.

ತಲೆ ನೀರಿಗೆ ಇಳಿಸಿದ ಕೂಡ್ಲೇ ಏನು ಕೇಳ್ಸುತ್ತೆ ಗೊತ್ತಾ? ಕಟಕಟ, ಕಟಕಟ. ಯಾರೋ ಕಲ್ಲುಸಕ್ಕರೆ ಅಗೀತಿರೋ ಸದ್ದು. ಗಿಳಿಮೀನು ಅಂತ ಒಂದಿದೆ, ಹಸಿರು, ನೀಲಿ, ಗುಲಾಬಿ ಎಲ್ಲ ಬಣ್ಣವೂ ಅದರ ಮೈಮೇಲೆ. ಹಲ್ಲುಗಳೆಲ್ಲ ಬೆಸೆದು ಕೊಕ್ಕಾಗಿರುತ್ತೆ. ಹವಳದ ಕಲ್ಲಿಗೆ ಬಾಯಿ ಹಾಕಿ ಅದರ ಮೇಲಿನ ಪಾಚಿ ಕೆರೆದು ತಿನ್ನುತ್ತೆ, ಜೊತೆಗೆ ಕಲ್ಲೂ ಹೊಟ್ಟೆಗೆ ಹೋಗುತ್ತೆ. ಗಂಟಲಲ್ಲಿ ಅದಕ್ಕೆ ಇನ್ನೊಂದು ಜೊತೆ ಹಲ್ಲಿದೆ, ಅಲ್ಲಿ ಕಲ್ಲು ಅರೆದು ಪುಡಿಯಾಗುತ್ತೆ. ನಾನು ನೋಡ್ತಿದ್ದ ಹಾಗೇ ಒಂದು ಮೀನು ಸ್ವಲ್ಪ ಮುಂದೆ ಹೋಗಿ, ಹಿಂದಿನಿಂದ ಬಿಳಿ ಪುಡಿ ಸುರಿಸಿ ಹೊರಟೇಹೋಯ್ತು. ಆ ಪುಡಿ ಮೆಲ್ಲಗೆ ತಳಕ್ಕೆ ಇಳೀತಾ ಇತ್ತು. ಮರಳು ಅಂದ್ರೆ ಅದೇ ಅಕ್ಕ! ಬರಿಗಾಲಲ್ಲಿ ನಾವು ನಡೆಯೋ ದಂಡೆಯ ದೊಡ್ಡ ಪಾಲು ಆ ಮೀನುಗಳ ಹೊಟ್ಟೆ ಹಾದು ಬಂದದ್ದು. ಅದನ್ನ ತಿಳಿದ ಮೇಲೆ ನನಗೆ ರೆಸಾರ್ಟಿನ ಉಳಿದ ವೈಭವವೆಲ್ಲ ಎರಡನೇ ಮಾತಾಯ್ತು. ಹವಳ ಉಳಿದ್ರೆ ಮೀನು, ಮೀನು ಇದ್ರೆ ಮರಳು, ಮರಳು ಇದ್ರೆ ದ್ವೀಪ. 1998ರಲ್ಲಿ ಸಮುದ್ರ ಕಾದು ಅಲ್ಲಿನ ಆಳವಿಲ್ಲದ ಕಡೆಯ ಹವಳ ಬಹುಪಾಲು ಬೆಳ್ಳಗಾಗಿ ಸತ್ತಿತ್ತು, ಚೇತರಿಸಿಕೊಳ್ತಿರೋವಾಗ 2016ರಲ್ಲಿ ಮತ್ತೆ ಅದೇ ಪೆಟ್ಟು. ಈಗ ಇರೋದು ಕಷ್ಟಪಟ್ಟು ಬೆಳೀತಿರೋ ಹವಳ. ಎಷ್ಟೇ ಸುಸ್ತಾದ್ರೂ ಅದರ ಮೇಲೆ ಕಾಲೂರಬೇಡಿ.

ಸಿಹಿನೀರಿನ ವಿಷಯ ಹೇಳ್ತೀನಿ ಕೇಳಿ, ಭಾವನಿಗೆ ಲೆಕ್ಕ ಬೇಕಲ್ಲ. ಸುಮಾರು 1,200 ದ್ವೀಪ ಇರೋ ದೇಶದಲ್ಲಿ ಒಂದೇ ಒಂದು ನದಿ ಇಲ್ಲ. ಹೆಚ್ಚಿನ ಕಡೆ ನೆಲ ಸಮುದ್ರಕ್ಕಿಂತ ಎದೆಮಟ್ಟ ಎತ್ತರ ಇದ್ರೆ ಹೆಚ್ಚು. ಮಳೆನೀರು ಇಂಗಿ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತೆ, ಸ್ವಲ್ಪ ಹೆಚ್ಚು ಎತ್ತಿದ್ರೆ ಬಾವಿಗೆ ಉಪ್ಪು ಬಂತು ಅಂತಲೇ. ಅದಕ್ಕೇ ರೆಸಾರ್ಟಿನಲ್ಲಿ ಸ್ನಾನಕ್ಕೆ, ಕುಡಿಯೋಕೆ, ಈಜುಕೊಳಕ್ಕೆ ಎಲ್ಲಕ್ಕೂ ಸಮುದ್ರದ ನೀರನ್ನೇ ಸೋಸೋದು. ನಮ್ಮ ಅಡುಗೆಮನೆಯ ಆರ್‌ಒ ಇದ್ಯಲ್ಲ, ಅದೇ ವಿಧಾನ, ಆದರೆ ಉಪ್ಪು ತೆಗೆಯೋಕೆ ಎಷ್ಟೋ ಪಟ್ಟು ಒತ್ತಡ ಹಾಕಬೇಕು. ಅದಕ್ಕೆ ಕರೆಂಟು, ಕರೆಂಟಿಗೆ ಡೀಸೆಲ್ ಜನರೇಟರ್, ಡೀಸೆಲ್ ಬರೋದು ದೋಣಿಯಲ್ಲಿ. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ಇಂಥದ್ದೇ ಘಟಕಕ್ಕೆ ಬೆಂಕಿ ಬಿದ್ದು ಇಡೀ ಊರಿಗೆ ಕುಡಿಯೋ ನೀರಿಲ್ಲದ ಹಾಗಾಗಿತ್ತು. ನಮ್ಮ ವಾಯುಪಡೆಯವರು ವಿಮಾನದಲ್ಲಿ ನೀರು ಸಾಗಿಸಿದ್ರು, ನೌಕಾಪಡೆಯ ಹಡಗುಗಳೂ ಹೋದವು. ತರಕಾರಿ, ಅಕ್ಕಿ, ಈರುಳ್ಳಿ ಬಹುಪಾಲು ಹೊರಗಿನಿಂದಲೇ ಬರಬೇಕು. ಕಟ್ಟಡಕ್ಕೆ ಬೇಕಾದ ನದಿ ಮರಳನ್ನೂ ನಮ್ಮ ದೇಶದಿಂದ ತರಿಸ್ಕೋತಾರೆ. ಹೀಗಿರೋವಾಗ ಅಲ್ಲಿ ಒಂದು ಬಕೆಟ್ ಬಿಸಿನೀರು ದುಬಾರಿ ಅಂದ್ರೆ ನನಗೆ ನ್ಯಾಯ ಅನ್ನಿಸುತ್ತೆ.

1972ರ ಮುಂಚೆ ಅಲ್ಲಿ ರೆಸಾರ್ಟ್ ಅನ್ನೋದೇ ಇರಲಿಲ್ಲ. ಜಾರ್ಜ್ ಕಾರ್ಬಿನ್ ಅನ್ನೋ ಇಟಲಿಯ ಪ್ರವಾಸ ಏಜೆಂಟು ಆ ದ್ವೀಪಗಳನ್ನ ಕಣ್ಣಾರೆ ನೋಡಿ ಮರುಳಾದ. ಅಹ್ಮದ್ ನಸೀಮ್, ಎಂ. ಯು. ಮಣಿಕು ಅನ್ನೋ ಅಲ್ಲಿನ ತರುಣರು ಮುಂದೆ ಬಂದ್ರು, ಆ ವರ್ಷವೇ ಕುರುಂಬಾ ಅನ್ನೋ ಮೊದಲ ರೆಸಾರ್ಟ್ ತೆರೀತು. ಹವಳದ ಕಲ್ಲಿನ ಗೋಡೆ, ತೆಂಗಿನಗರಿ ಹೊದಿಸಿದ ಸೂರು, ಅಷ್ಟೇ. ದೇಶದಲ್ಲಿ ಆಗ ಬ್ಯಾಂಕೂ ಇರಲಿಲ್ಲ. 1974ರಲ್ಲಿ ಮೊದಲ ಬ್ಯಾಂಕ್ ತೆರೆದದ್ದು ನಮ್ಮ ಸ್ಟೇಟ್ ಬ್ಯಾಂಕ್, ದ್ವೀಪಗಳ ರೆಸಾರ್ಟಿಗೆ ಸಾಲ ಕೊಟ್ಟು ಕೈಹಿಡಿದದ್ದೂ ಅದೇ. ಭಾವ ಬ್ಯಾಂಕಿನಲ್ಲಿದ್ದವರು, ಅವರಿಗೆ ಇದನ್ನ ಹೇಳಿ, ಖುಷಿ ಪಡ್ತಾರೆ. ಈಗ 5 ಲಕ್ಷ ಚಿಲ್ಲರೆ ಜನರಿರೋ ಆ ದೇಶಕ್ಕೆ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಬಂದಿದ್ರು.

ಹಾಂ, ದರದ ಪಕ್ಕ ಎರಡು ಪ್ಲಸ್ ಗುರುತು ಇದ್ರೆ ಹುಷಾರು. ಸೇವಾಶುಲ್ಕ, ತೆರಿಗೆ ಅದರಲ್ಲಿ ಸೇರಿಲ್ಲ ಅಂತ ಅರ್ಥ. 10,000 ರೂಪಾಯಿ ಅಂತ ಬರೆದಿದ್ರೆ ಅದಕ್ಕೆ ಶೇ. 10 ಸೇವಾಶುಲ್ಕ, ಎರಡೂ ಸೇರಿದ ಮೇಲೆ ಶೇ. 17 ತೆರಿಗೆ, ಕೊನೆಗೆ ಕೈಯಿಂದ ಹೋಗೋದು 12,870. 2025ರ ಜನವರಿಯಿಂದ ರೆಸಾರ್ಟಿನಲ್ಲಿ ಪ್ರತಿ ರಾತ್ರಿಗೆ ತಲೆಗೆ 12 ಡಾಲರ್ ಹಸಿರು ತೆರಿಗೆ ಬೇರೆ. ಊಟವನ್ನೂ ಮೊದಲೇ ಸೇರಿಸಿಕೊಂಡು ಬುಕ್ ಮಾಡಿ. ದ್ವೀಪಕ್ಕೆ ಒಂದೇ ರೆಸಾರ್ಟ್, ಪಕ್ಕದ ಬೀದಿಗೆ ಹೋಗಿ ಇಡ್ಲಿ ತಿಂದು ಬರೋ ಹಾಗಿಲ್ಲ. ಸಸ್ಯಾಹಾರ ಅಂತ ಮುಂಚೆಯೇ ಬರೆದು ತಿಳಿಸಿದ್ರೆ ಮಾಡಿಕೊಡ್ತಾರೆ, ಅನೇಕ ಕಡೆ ಅಡುಗೆಯವರಲ್ಲಿ ನಮ್ಮವರೂ ಇರ್ತಾರೆ.

ನನಗೆ ಮನಸ್ಸಿಗೆ ಹಿಡಿಸದೇ ಇದ್ದದ್ದು ಒಂದೇ. ರೆಸಾರ್ಟಿನಲ್ಲೇ ಇದ್ದು ಬಂದ್ರೆ ಮಾಲ್ಡೀವ್ಸಿನ ಒಂದು ಮನೆ, ಒಂದು ಮಗು, ಒಂದು ಅಂಗಡಿ ಕಣ್ಣಿಗೆ ಬೀಳಲ್ಲ. ಪ್ರವಾಸಿಗಳು ಬೇರೆ ದ್ವೀಪ, ಊರವರು ಬೇರೆ ದ್ವೀಪ ಅಂತ ಬಹಳ ವರ್ಷ ಸರ್ಕಾರವೇ ಇಟ್ಟಿತ್ತು. ಊರಿರೋ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸೋಕೆ ಬಿಟ್ಟದ್ದು ಹತ್ತಿರ ಹತ್ತಿರ 2009–10ರಲ್ಲಿ. ಸೇವೆ ಮಾಡೋ ಹುಡುಗರಲ್ಲೂ ಬಾಂಗ್ಲಾದೇಶ, ಶ್ರೀಲಂಕಾ, ಭಾರತ, ನೇಪಾಳದವರು ಎಷ್ಟೋ ಜನ. ಅವರ ವಸತಿ ಗಿಡಮರಗಳ ಹಿಂದೆ, ದ್ವೀಪದ ನಡುವೆ, ಅತಿಥಿಗಳ ಕಣ್ಣಿಗೆ ಬೀಳದ ಹಾಗೆ. ಕೋಣೆ ಗುಡಿಸೋಕೆ ಬಂದವರನ್ನ ಊರು ಯಾವುದು, ಮಕ್ಕಳೆಷ್ಟು ಅಂತ ಕೇಳಿ ಅಕ್ಕ. ನೀವು ಇಲ್ಲಿ ಹಾಲಿನವನನ್ನೂ ಕೇಳ್ತೀರಲ್ಲ, ಹಾಗೇ. ಮುಖ ಅರಳುತ್ತೆ ಅವರದ್ದು.

ಅದಕ್ಕೇ ನನ್ನ ಸಲಹೆ ಏನಂದ್ರೆ, ನಾಲ್ಕು ರಾತ್ರಿಯಲ್ಲಿ ಎರಡು ರೆಸಾರ್ಟಿಗೆ ಕೊಡಿ, ಎರಡು ಮಾಫುಶಿಯಂಥ ಊರಿರೋ ದ್ವೀಪಕ್ಕೆ. ಖರ್ಚೂ ಇಳಿಯುತ್ತೆ. ಸಾಯಂಕಾಲ ದಡದಲ್ಲಿ ಕಂಬಿಗೆ ಹಗ್ಗ ಹೆಣೆದ ಜೋಲಿ ಅನ್ನೋ ಕುರ್ಚಿಗಳಲ್ಲಿ ಸಾಲಾಗಿ ಕೂತು ಹೆಂಗಸರು ಮಾತಾಡ್ತಿರ್ತಾರೆ. ಮನೆ ಮುಂದೆ ಮರಕ್ಕೆ ತೂಗುಮಂಚ. ಬೆಳಗಿನ ತಿಂಡಿಗೆ ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ನಿಂಬೆರಸ ಕಿವುಚಿ ಮೀನು ಬೆರೆಸಿದ ಮಾಸ್ ಹುನಿ, ಜೊತೆಗೆ ತೆಳ್ಳನೆ ರೊಟ್ಟಿ. ನಿಮಗೆ ಮೀನು ಬೇಡ, ಅದಿಲ್ಲದೇ ಕಲಸಿಕೊಡಿ ಅಂತ ಕೇಳಿ. ಮಂಗಳೂರಿನವರಿಗಂತೂ ಆ ತೆಂಗು, ಆ ಮೀನು, ಆ ತೆಂಗಿನನಾರಿನ ಹಗ್ಗ ಯಾವುದೂ ಹೊಸದಲ್ಲ. ಇಂಥದ್ದೇ ಹವಳದ ದ್ವೀಪಗಳಾದ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ನಾರು ಮಂಗಳೂರಿಗೆ ಬಂದು, ಅಕ್ಕಿ ಅಲ್ಲಿಗೆ ಹೋಗ್ತಿತ್ತು. ಲಕ್ಷದ್ವೀಪದ ತೆಂಕಣ ತುದಿಯ ಮಿನಿಕಾಯ್‌ನಲ್ಲಿ ಇವತ್ತಿಗೂ ಮಾಲ್ಡೀವ್ಸಿನ ಭಾಷೆಯೇ ಮನೆಮಾತು.

ಸಾಮಾನು ಕಟ್ಟೋವಾಗ ನೆನಪಿರಲಿ, ಪೂಜೆಯ ವಿಗ್ರಹ ತರೋದಕ್ಕೆ ಅಲ್ಲಿ ಕಸ್ಟಮ್ಸಿನವರು ಬಿಡಲ್ಲ. ನಿಮ್ಮ ಬೆಳ್ಳಿ ಕೃಷ್ಣನನ್ನ ಆ ನಾಲ್ಕು ದಿನ ನಮ್ಮ ದೇವರಮನೆಯಲ್ಲಿ ಬಿಟ್ಟು ಹೋಗಿ, ನಾನು ಹೂವಿಡ್ತೀನಿ. ಭಾವನ ಬ್ಯಾಗಿನಲ್ಲಿ ವಿಮಾನ ನಿಲ್ದಾಣದ ಅಂಗಡಿಯ ಮದ್ಯದ ಬಾಟಲಿಯೂ ಬೇಡ, ತೆಗೆದಿಟ್ಕೋತಾರೆ. ದಂಡೆಯಲ್ಲಿ ಬಿದ್ದ ಹವಳದ ತುಂಡು ಮೊಮ್ಮಗಳಿಗೆ ಅಂತ ಎತ್ಕೋಬೇಡಿ, ಅದನ್ನ ಹೊರಗೆ ಒಯ್ಯೋದು ಅಪರಾಧ.

ಮುಖ್ಯವಾದದ್ದನ್ನೇ ಮರೀತಿದ್ದೆ ನೋಡಿ. ರೆಸಾರ್ಟಿಗೆ ಮಾಲೆಯಿಂದ ಸ್ಪೀಡ್‌ಬೋಟಾ, ಸೀಪ್ಲೇನಾ? ನೀರಿನ ಮೇಲಿಳಿಯೋ ಆ ಪುಟ್ಟ ವಿಮಾನ ಹತ್ತೋದು ಚೆನ್ನ, ಪೈಲಟ್ಟುಗಳು ಬರಿಗಾಲಲ್ಲೇ ಓಡಿಸ್ತಾರೆ, ಮೇಲಿಂದ ಹವಳದ ಉಂಗುರಗಳೆಲ್ಲ ಕಾಣ್ಸುತ್ತೆ. ಆದರೆ ತಲೆಗೆ ನೂರಾರು ಡಾಲರ್, ಮತ್ತೆ ಕತ್ತಲಾದ ಮೇಲೆ ಅದು ಹಾರಲ್ಲ. ಬೆಂಗಳೂರಿನಿಂದ ನಿಮ್ಮ ವಿಮಾನ ಸಂಜೆ ತಲುಪೋದಾದ್ರೆ ಆ ರಾತ್ರಿ ಮಾಲೆಯಲ್ಲೇ ಕಳೀಬೇಕು, ರೆಸಾರ್ಟಿನ ಬಾಡಿಗೆ ಅಲ್ಲಿ ದಂಡ. ಮಗ ಯಾವ ಹೊತ್ತಿನ ಟಿಕೆಟ್ ತೆಗೆದಿದಾನೆ? ಈಗಲೇ ಫೋನ್ ಮಾಡಿ ಕೇಳಿ, ನಾನು ಇಲ್ಲೇ ಇರ್ತೀನಿ.