ಬಿಲ್ಡ್ ಪಂಡಿತರು

ಜಾವಾ ಬರೆಯುವ ಯಾವ ಟೀಮಿನಲ್ಲೂ ಬಿಲ್ಡ್ ಪಂಡಿತರು ತಪ್ಪದೆ ಒಬ್ಬರು ಇರುತ್ತಾರೆ. ಎಚ್‌ಆರ್‌ನವರ ಹುದ್ದೆಗಳ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಗಾಜಿನ ಕಟ್ಟಡ ಎದ್ದಲ್ಲೆಲ್ಲ ಇವರ ಸಂತತಿ ಉಂಟು. ವಯಸ್ಸು ನಲವತ್ತರ ಆಸುಪಾಸು, ಕೊರಳಲ್ಲಿ ಬಣ್ಣ ಮಾಸಿದ ಐಡಿ ಕಾರ್ಡಿನ ದಾರ. ಇವರು ಕೋಡ್ ಬರೆದದ್ದನ್ನು ಇತ್ತೀಚೆಗೆ ಕಂಡವರಿಲ್ಲ. ಆದರೆ ಯಾರದಾದರೂ ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಬಿಲ್ಡ್ ಫೇಲ್ಯೂರ್’ ಎಂದು ಮೂಡಿದರೆ ಸಾಕು, ಎದ್ದು ನಿಲ್ಲುವ ಶ್ರಮವಿಲ್ಲದೆ, ಕೂತ ಕುರ್ಚಿಯನ್ನೇ ಕಾಲಿನಿಂದ ತಳ್ಳಿಕೊಂಡು ರೋಗಿಯ ಪಕ್ಕಕ್ಕೆ ಉರುಳಿ ಬರುತ್ತಾರೆ.

ಪಂಡಿತರೆಂಬ ಹೆಸರು ಇವರಿಗೆ ಎರಡು ದಾರಿಯಿಂದ ಸಲ್ಲುತ್ತದೆ. ಬೇಕಾದ ಜಾರ್ ಫೈಲುಗಳನ್ನು ತರಿಸಿ, ಕೋಡನ್ನು ಕಂಪೈಲ್ ಮಾಡಿ, ಟೆಸ್ಟ್ ಓಡಿಸಿ, ಎಲ್ಲವನ್ನೂ ಗಂಟು ಕಟ್ಟಿ ಕೊಡುವ ಉಪಕರಣವೇ ಬಿಲ್ಡ್ ಟೂಲ್. ಅವುಗಳಲ್ಲಿ ಬಹಳ ಬಳಕೆಯಲ್ಲಿರುವ ಮೇವನ್‌ನ ಹೆಸರು ಯಿಡ್ಡಿಷ್ ಭಾಷೆಯದು. ಬಲ್ಲವನು, ತಿಳಿವಳಿಕೆ ಕೂಡಿಟ್ಟವನು ಎಂದು ಅದರ ಅರ್ಥ. ಇತ್ತ ನಮ್ಮ ಹಳ್ಳಿಗಳಲ್ಲಿ ನಾಡಿ ಹಿಡಿದು ಕಷಾಯ ಕೊಡುವವರಿಗೂ ಪಂಡಿತರೆಂದೇ ಹೆಸರು. ಬಿಲ್ಡ್ ಪಂಡಿತರಲ್ಲಿ ಮೊದಲನೆಯ ಅರ್ಥ ಸ್ವಲ್ಪ, ಎರಡನೆಯದು ಧಾರಾಳ.

ರೋಗಿ ಸಾಮಾನ್ಯವಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಸೋಮವಾರ ಲ್ಯಾಪ್‌ಟಾಪ್ ಕೈಗೆ ಬರುತ್ತದೆ, ಮಂಗಳವಾರ ಪ್ರಾಜೆಕ್ಟು ಇಳಿಯುತ್ತದೆ, ಬುಧವಾರ ಬೆಳಿಗ್ಗೆ ಮುನ್ನೂರು ಸಾಲಿನ ಎರರ್ ಬರುತ್ತದೆ. ಪಂಡಿತರ ನಾಡಿ ಪರೀಕ್ಷೆ ಎಂದರೆ ಮೌಸಿನ ಚಕ್ರವನ್ನು ಎರಡು ಬಾರಿ ಜೋರಾಗಿ ತಿರುಗಿಸುವುದು. ನಿಜವಾದ ಕಾರಣ ‘ಕಾಸ್ಡ್ ಬೈ’ ಎಂದು ಶುರುವಾಗುವ ಒಂದು ಸಾಲಿನಲ್ಲಿ, ನಡುವೆ ಎಲ್ಲೋ, ಬಡವರ ಮನೆಯ ನೆಂಟನಂತೆ ಮುದುರಿ ಕೂತಿರುತ್ತದೆ. ಅದು ಸರ್ರನೆ ಮೇಲೆ ಹೋಗಿಬಿಡುತ್ತದೆ. ಪಂಡಿತರು ಕಣ್ಣು ಕಿರಿದು ಮಾಡಿ, “ಹೂಂ, ಗೊತ್ತಾಯ್ತು ಬಿಡಿ” ಎನ್ನುತ್ತಾರೆ.

ಇವರ ಚೀಲದಲ್ಲಿ ಮದ್ದು ನಾಲ್ಕೇ. ಮೊದಲನೆಯದು ‘ಕ್ಲೀನ್ ಇನ್‌ಸ್ಟಾಲ್’. ಈ ಆದೇಶ ಹಿಂದಿನ ಬಿಲ್ಡು ಬಿಟ್ಟುಹೋದ ಟಾರ್ಗೆಟ್ ಫೋಲ್ಡರನ್ನು ಗುಡಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಹಳೆಯ ಕ್ಲಾಸ್ ಫೈಲುಗಳು ಉಳಿದು ತೊಂದರೆಯಾಗಿದ್ದರೆ ಇದರಿಂದ ಗುಣ ಉಂಟು. ಉಳಿದ ರೋಗಗಳಲ್ಲಿ ಅದೇ ಎರರ್, ಎರಡು ನಿಮಿಷ ತಡವಾಗಿ ಬರುತ್ತದೆ.

ಎರಡನೆಯದು ತೀಕ್ಷ್ಣ ಔಷಧ: “ಡಾಟ್ ಎಂ ಟೂ ಡಿಲೀಟ್ ಮಾಡಿ.” ಮೇವನ್ ತಾನು ಇಳಿಸಿದ ಜಾರ್‌ಗಳನ್ನೆಲ್ಲ ಪೇರಿಸಿಡುವ ಉಗ್ರಾಣ ಈ ಫೋಲ್ಡರಿನಲ್ಲಿದೆ. ಯಾವುದೋ ಜಾರ್ ಅರ್ಧಕ್ಕೇ ಇಳಿದು ಕೆಟ್ಟಿರಬಹುದು. ಇಲ್ಲವೇ ಒಮ್ಮೆ ಸಿಗಲಿಲ್ಲವೆಂದು ಮೇವನ್ ಗುರುತು ಬರೆದಿಟ್ಟುಕೊಂಡು, ಮತ್ತೆ ಹುಡುಕಲು ಹೋಗದೆ ಮೊಂಡು ಹಿಡಿದಿರಬಹುದು. ಆ ಒಂದು ಜಾರ್‌ನ ಫೋಲ್ಡರನ್ನು ಅಳಿಸಿದರೆ, ಅಥವಾ ಆದೇಶದ ಕೊನೆಗೆ ‘-ಯು’ ಸೇರಿಸಿ ಮತ್ತೆ ಹುಡುಕಿಸಿದರೆ ಸಾಕು. ಪಂಡಿತರದು ನೆಗಡಿಗೆ ಮೂಗು ಕೊಯ್ಯುವ ಪದ್ಧತಿ. ಕಂಪನಿಯ ಪ್ರಾಕ್ಸಿ ವಿಳಾಸವನ್ನು ಹೊತ್ತ ಸೆಟ್ಟಿಂಗ್ಸ್ ಫೈಲು ಕೂಡ ಸಾಮಾನ್ಯವಾಗಿ ಇದೇ ಡಾಟ್ ಎಂ ಟೂ ಒಳಗಿರುತ್ತದೆ. ಅದೂ ಹೋದ ಮೇಲೆ ಮೊದಲು ಸಿಗದಿದ್ದ ಒಂದು ಜಾರ್‌ನ ಬದಲು ಯಾವ ಜಾರೂ ಸಿಗುವುದಿಲ್ಲ.

ಮೂರನೆಯದು ಕೋಡ್ ಬರೆಯುವ ತಂತ್ರಾಂಶಕ್ಕೆ ಕುಡಿಸುವ ಮದ್ದು: ಇಂಟೆಲಿಜೆಯಲ್ಲಿ ‘ಇನ್‌ವ್ಯಾಲಿಡೇಟ್ ಕ್ಯಾಶಸ್’, ಎಕ್ಲಿಪ್ಸಿನಲ್ಲಿ ಆಲ್ಟ್ ಎಫ್5. ಇಂಟೆಲಿಜೆ ಪ್ರಾಜೆಕ್ಟನ್ನು ಮೊದಲಿನಿಂದ ಓದಿ ಸೂಚಿ ಕಟ್ಟಿಕೊಳ್ಳಲು ಸಮಯ ಹಿಡಿಯುತ್ತದೆ. “ಬನ್ನಿ, ಅಷ್ಟರಲ್ಲಿ ಒಂದು ಕಾಫಿ ಆಗ್ಲಿ.” ಕಾಫಿಯ ಮುಂದೆ ಪಂಡಿತರು 2000ದಲ್ಲಿ ಬಂದ ಆ್ಯಂಟ್ ಎಂಬ ಬಿಲ್ಡ್ ಟೂಲಿನ ಕಾಲದ ಪುರಾಣ ಬಿಚ್ಚುತ್ತಾರೆ. ಜಾರ್‌ಗಳನ್ನು ಕೈಯಾರೆ ಲಿಬ್ ಫೋಲ್ಡರಿಗೆ ತುಂಬುತ್ತಿದ್ದ ದಿನಗಳು, 2004ರಲ್ಲಿ ಮೇವನ್ 1.0, 2012ರಲ್ಲಿ ಗ್ರೇಡಲ್ 1.0, “ಈಗಿನ ಹುಡುಗರಿಗೆ ಎಲ್ಲ ಸಲೀಸು” ಎಂಬ ಫಲಶ್ರುತಿ. ಕಪ್ಪು ಖಾಲಿಯಾದರೂ ಎರರ್ ಖಾಲಿಯಾಗಿರುವುದಿಲ್ಲ.

ನಾಲ್ಕನೆಯದು ‘ಸ್ಕಿಪ್ ಟೆಸ್ಟ್ಸ್’. ಇದು ಪಾಸಾಗದ ಮಗನಿಗೆ ಪರೀಕ್ಷೆಯನ್ನೇ ಬಿಡಿಸುವ ಉಪಾಯ. ಬಿಲ್ಡ್ ಹಸಿರಾಗುತ್ತದೆ, ಫಲಿತಾಂಶ ಮುಂದೆ ಗ್ರಾಹಕರ ಮನೆಯಲ್ಲಿ ಪ್ರಕಟವಾಗುತ್ತದೆ.

ಆದರೆ ಹೊಸಬರನ್ನು ಕಾಡುವ ರೋಗಗಳಲ್ಲಿ ಬಹಳಷ್ಟು ಈ ನಾಲ್ಕು ಮದ್ದಿಗೂ ನಿಲುಕುವುದಿಲ್ಲ. ಯಾಕೆಂದರೆ ಕೆಟ್ಟಿರುವುದು ಪ್ರಾಜೆಕ್ಟಲ್ಲ. ಪ್ರಾಜೆಕ್ಟು ಬಯಸುವ ಜಾವಾಕ್ಕೂ ಲ್ಯಾಪ್‌ಟಾಪಿನಲ್ಲಿರುವ ಜಾವಾಕ್ಕೂ ಜಾತಕ ಕೂಡಿರುವುದಿಲ್ಲ. ‘ಇದು 61ರ ಕ್ಲಾಸ್ ಫೈಲು, ನನಗೆ ತಿಳಿಯುವುದು 52ರವರೆಗೆ’ ಎಂದು ಜಾವಾ ಬಾಯಿಬಿಟ್ಟು ಹೇಳುತ್ತದೆ. ಈ ಅಂಕಿಯಿಂದ 44 ಕಳೆದರೆ ವರ್ಷನ್ ಸಿಗುತ್ತದೆ: 61 ಎಂದರೆ ಜಾವಾ 17, 52 ಎಂದರೆ ಜಾವಾ 8. ಟರ್ಮಿನಲ್‌ನಲ್ಲಿ ‘ಜಾವಾ -ವರ್ಷನ್’ ಕೇಳಿದರೆ 17 ಎನ್ನುತ್ತದೆ, ‘ಎಂವಿಎನ್ -ವಿ’ ಕೇಳಿದರೆ 8 ಎನ್ನುತ್ತದೆ. ಮೊದಲನೆಯದು ಪಾತ್‌ನಲ್ಲಿ ಸಿಕ್ಕಿದ ಜಾವಾ, ಎರಡನೆಯದು ಜಾವಾ ಹೋಮ್ ಎಂಬ ವೇರಿಯಬಲ್ ತೋರಿಸುವ ಜಾವಾ. ಮೇವನ್ ನಂಬುವುದು ಈ ಎರಡನೆಯದನ್ನು. ಕೆಲವರು ಜಾವಾ ಹೋಮ್‌ನ ಕೊನೆಗೆ ತಪ್ಪಾಗಿ ‘ಬಿನ್’ ಅಂಟಿಸಿರುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಸರಿ ಮಾಡಿ, ಮೊದಲೇ ತೆರೆದಿದ್ದ ಟರ್ಮಿನಲ್‌ನಲ್ಲೇ ಮತ್ತೆ ಮತ್ತೆ ಒತ್ತುತ್ತಾರೆ. ಅದಕ್ಕೆ ಹೊಸ ಸುದ್ದಿ ತಲುಪಿರುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಡಾಟ್ ಎಂ ಟೂ ಅಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂಬುದು ಇನ್ನೊಂದು ವ್ಯಾಧಿ. “ನೆಟ್‌ವರ್ಕ್ ಪ್ರಾಬ್ಲಮ್ ಇರ್ಬೇಕು, ಮನೆಗೆ ಹೋಗಿ ಟ್ರೈ ಮಾಡಿ” ಎನ್ನುತ್ತಾರೆ ಪಂಡಿತರು. ಮನೆಯಲ್ಲಿ ಬಿಲ್ಡ್ ಆಗುತ್ತದೆ, ಪಂಡಿತರ ಕೀರ್ತಿ ಹಬ್ಬುತ್ತದೆ. ಅಸಲು ಸಂಗತಿ ಬೇರೆ. ಎಷ್ಟೋ ಆಫೀಸುಗಳಲ್ಲಿ ಹೊರಗಿನಿಂದ ಬರುವ ಮಾಹಿತಿಯನ್ನು ಗೇಟಿನಲ್ಲೇ ಬಿಚ್ಚಿ ನೋಡಿ, ಕಂಪನಿಯ ಸ್ವಂತ ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ. ಬ್ರೌಸರ್‌ಗೆ ಆ ಮುದ್ರೆಯ ಪರಿಚಯ ಮಾಡಿಸಿರುತ್ತಾರೆ. ಜಾವಾ ನಂಬುವವರ ಪಟ್ಟಿಯೇ ಬೇರೆ. ಅದು ‘ಸಿಎಸರ್ಟ್ಸ್’ ಎಂಬ ಫೈಲಿನಲ್ಲಿರುತ್ತದೆ. ಕೀಟೂಲ್ ಬಳಸಿ ಕಂಪನಿಯ ಸರ್ಟಿಫಿಕೇಟನ್ನು ಅಲ್ಲಿಗೆ ಸೇರಿಸಿದರೆ ಕಾಯಿಲೆ ವಾಸಿ. ಆ ಫೈಲಿನ ಮೂಲ ಪಾಸ್‌ವರ್ಡ್ ‘ಚೇಂಜ್ ಇಟ್’. ಬದಲಾಯಿಸಿ ಎಂದು ಅದೇ ಹೇಳುತ್ತಿದ್ದರೂ ಬದಲಾಯಿಸಿದವರು ಅಪರೂಪ.

ಮದ್ದುಗಳನ್ನೆಲ್ಲ ಒಟ್ಟಿಗೆ ಕುಡಿಸುವುದರಿಂದ ಯಾವುದು ನಾಟಿತೆಂದು ತಿಳಿಯುವುದಿಲ್ಲ. “ಏನ್ ಮಾಡಿದ್ರಿ ಸರ್?” ಎಂದರೆ, “ಏನಿಲ್ಲಮ್ಮ, ಸ್ವಲ್ಪ ಸೆಟ್ಟಿಂಗ್ಸು” ಎಂಬ ಉತ್ತರ. ಯಾವುದೂ ನಾಟದಿದ್ದರೆ ಕೊನೆಯ ಮಾತು ಸಿದ್ಧವಿರುತ್ತದೆ: “ನನ್ನ ಮಷೀನಲ್ಲಿ ಓಡ್ತಿದೆಯಲ್ಲಾ!” ಇದು ಸುಳ್ಳಲ್ಲ. ಊರಿನವರ ಡಾಟ್ ಎಂ ಟೂ ಅಳಿಸುವ ಪಂಡಿತರು ತಮ್ಮದನ್ನು ಎಂದೂ ಮುಟ್ಟಿದವರಲ್ಲ. ಎಂದೋ ಕೆಲಸ ಬಿಟ್ಟುಹೋದ ಸಹೋದ್ಯೋಗಿಯೊಬ್ಬರು ಕೈಯಾರೆ ಇನ್‌ಸ್ಟಾಲ್ ಮಾಡಿಕೊಟ್ಟ ಒಂದು ಜಾರ್ ಅದರೊಳಗಿದೆ. ಅದು ಮೇವನ್ ಸೆಂಟ್ರಲ್‌ನಲ್ಲಿಲ್ಲ, ಕಂಪನಿಯ ರೆಪಾಸಿಟರಿಯಲ್ಲೂ ಇಲ್ಲ. ಪಾಂಡಿತ್ಯದ ಅರ್ಧ ಭಾಗ ಆ ಜಾರ್‌ನಲ್ಲಿದೆ.

ಈ ಸಂತತಿಗೆ ಕುತ್ತು ತರುವ ವಸ್ತುಗಳು ಎರಡು. ಒಂದು ರೀಡ್‌ಮಿ ಫೈಲು: ಯಾವ ಜಾವಾ ಬೇಕು, ಸೆಟ್ಟಿಂಗ್ಸ್ ಫೈಲು ಎಲ್ಲಿಂದ ತರಬೇಕು, ಸರ್ಟಿಫಿಕೇಟ್ ಹೇಗೆ ಸೇರಿಸಬೇಕು ಎಂಬ ನಾಲ್ಕು ಸಾಲು. ಇದನ್ನು ಪಂಡಿತರು ಬರೆಯುವುದಿಲ್ಲ. ಮೂರು ದಿನ ನರಳಿದ ಹೊಸಬರೇ ಬರೆಯುತ್ತಾರೆ. ರಿವ್ಯೂಗೆ ಬಂದಾಗ ಪಂಡಿತರ ಟಿಪ್ಪಣಿ: “ಇದೆಲ್ಲ ಎಲ್ಲರಿಗೂ ಗೊತ್ತಿರೋದೇ ಅಲ್ವಾ?” ಇನ್ನೊಂದು ರ‍್ಯಾಪರ್: ಪ್ರಾಜೆಕ್ಟಿನ ಜೊತೆಗೇ ಇಟ್ಟ ಪುಟ್ಟ ಸ್ಕ್ರಿಪ್ಟು. ಮೇವನ್ ಅಥವಾ ಗ್ರೇಡಲ್‌ನ ಯಾವ ವರ್ಷನ್ ಬೇಕೋ ಅದನ್ನೇ ಹುಡುಕಿ ಇಳಿಸಿಕೊಳ್ಳುತ್ತದೆ, ಯಾರನ್ನೂ ಕರೆಯಬೇಕಿಲ್ಲ.

ಆದರೆ ರ‍್ಯಾಪರ್ ತಂದುಕೊಡುವುದು ಬಿಲ್ಡ್ ಟೂಲನ್ನು ಮಾತ್ರ; ತಾನು ಓಡುವುದಕ್ಕೆ ಬೇಕಾದ ಜಾವಾವನ್ನು ತರುವುದಿಲ್ಲ. ಆದ್ದರಿಂದ ಪಂಡಿತರ ಕುರ್ಚಿಯ ಚಕ್ರಗಳಿಗೆ ಇನ್ನೂ ಕೆಲಸವಿದೆ.