ನೆಟ್ಟಗೆ ನಿಂತ ಕಸಬರಿಗೆ

ಹೊಸಪೇಟೆಯವರಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇರೆ ಕಡೆ ಧೂಳು ಬರೀ ಧೂಳು. ಇಲ್ಲಿ ಅದಕ್ಕೆ ಊರು, ಕುಲ, ಗೋತ್ರ ಎಲ್ಲ ಇದೆ. ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಕೆಂಪಗೆ ಹತ್ತುವುದು ಸಂಡೂರಿನದು. ಕಾಲಡಿ ಕರಕರ ಎನ್ನುವುದು ಹಂಪಿಯದು, ನೆಂಟರ ಚಪ್ಪಲಿಯಲ್ಲಿ ಬಂದದ್ದು. ಅಕ್ಕಿ ಚೀಲ ಇಳಿಸಿದ ಮೂಲೆಯಲ್ಲಿ ಮೈ ತುರಿಸುವಂತೆ ಕೂತದ್ದು ಕಂಪ್ಲಿಯದು. ಇಷ್ಟನ್ನೂ ನಮ್ಮ ತಾಯಿ ಇಷ್ಟು ವರ್ಷ ಒಂದೇ ಕಸಬರಿಗೆಯಿಂದ, ಯಾವ ಭೇದವನ್ನೂ ಎಣಿಸದೆ, ಮುಂಬಾಗಿಲಿನಿಂದ ಆಚೆ ನೂಕಿದ್ದಾರೆ. ನೂಕಿದ್ದು ಮಧ್ಯಾಹ್ನದ ಗಾಳಿಗೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಅವರಿಗೂ ಧೂಳಿಗೂ ಒಂದು ಒಪ್ಪಂದವಿತ್ತು.

ಆ ಒಪ್ಪಂದ ಮುರಿದದ್ದು ಬೆಂಗಳೂರಿನಲ್ಲಿರುವ ನನ್ನ ಮಗ. ನಮ್ಮ ಸೊಸೆಗೆ ಹೊಸಪೇಟೆ ನಿಲ್ದಾಣದಲ್ಲಿ ರೈಲಿಳಿದ ಕೂಡಲೇ ಶುರುವಾಗುವ ಸೀನು ಮರಳಿ ರೈಲು ಹತ್ತುವವರೆಗೂ ನಿಲ್ಲುವುದಿಲ್ಲ. ಅದಕ್ಕೆ ಅವನು ಕಂಡುಕೊಂಡ ಮದ್ದು ಒಂದು ವ್ಯಾಕ್ಯೂಮ್ ಕ್ಲೀನರ್. ನೆಲದ ಮೇಲೆ ಎಳೆದಾಡುವ, ಉದ್ದನೆಯ ಪೈಪಿನ ಡಬ್ಬಿಯಲ್ಲ. ಪರದೇಶದ ದೊಡ್ಡ ಕಂಪನಿಯ, ನೆಟ್ಟಗೆ ನಿಲ್ಲುವ ಜಾತಿಯದು. ಮೇಲೆ ಹಿಡಿ, ಕೆಳಗೆ ಗರಗರ ತಿರುಗುವ ಬ್ರಷ್ಷು, ನಡುವೆ ಹೊಟ್ಟೆಯ ಜಾಗದಲ್ಲಿ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಡಬ್ಬಿ. ಬೆಲೆಯನ್ನು ತಾಯಿಗೆ ಇನ್ನೂ ಹೇಳಿಲ್ಲ. ಅದರ ಕಾಲುಭಾಗ ಹೇಳಿದ್ದಕ್ಕೇ ಒಂದು ಹೊತ್ತು ಊಟ ಬಿಟ್ಟಿದ್ದರು.

ಪೆಟ್ಟಿಗೆಯಿಂದ ತೆಗೆದು ಪಡಸಾಲೆಯಲ್ಲಿ ನಿಲ್ಲಿಸಿದೆವು. ತಾಯಿ ಒಂದು ಸುತ್ತು ಹಾಕಿ ನೋಡಿದರು.

“ಇದು ಕಸ ಹೊಡಿಯೋದಲ್ಲೇನು?”

“ಹೌದವ್ವಾ.”

“ಅಂದ್ರ ಕಸಬರಿಗಿ. ಕಸಬರಿಗಿ ಯಾರರ ನಿಂದ್ರಿಸ್ತಾರೇನೋ? ಮನ್ಯಾಗ ಜಗಳ ಹುಟ್ತಾವ. ಮಲಗಸು ಅದನ್ನ.”

ಕಸಬರಿಗೆಯ ಧರ್ಮಶಾಸ್ತ್ರ ನಮ್ಮ ಕಡೆ ಬಹಳ ಕಟ್ಟುನಿಟ್ಟು. ಅದನ್ನು ನಿಲ್ಲಿಸಬಾರದು, ದಾಟಬಾರದು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಕಸ ಹೊಡೆದರೆ ಲಕ್ಷ್ಮಿ ಹೋಗುತ್ತಾಳೆ. ನೆಂಟರು ಹೊರಟ ಬೆನ್ನಿಗೇ ಹೊಡೆದರೆ ನೆಂಟರು ಮತ್ತೆ ಬರುವುದಿಲ್ಲ (ಈ ಕೊನೆಯ ಶಾಸ್ತ್ರವನ್ನು ಕೆಲವು ನೆಂಟರ ಮೇಲೆ ಪ್ರಯೋಗಿಸಿದ್ದೇವೆ, ಫಲ ಸಿಕ್ಕಿಲ್ಲ). ನಾನು ಓದಿದವನ ಗತ್ತಿನಲ್ಲಿ, ಇದು ಯಂತ್ರ, ಇದಕ್ಕೂ ಕಸಬರಿಗೆಗೂ ಏನು ಸಂಬಂಧ ಎಂದು ವಾದಿಸಲು ಹೊರಟೆ. ವಾದಕ್ಕೆ ಬಲ ಬರಲೆಂದು ಅದರ ಚರಿತ್ರೆ ಹುಡುಕಿದರೆ, ಸಾಕ್ಷಿ ಪೂರ್ತಿ ತಾಯಿಯ ಕಡೆಗಿತ್ತು. ನೆಟ್ಟಗೆ ನಿಲ್ಲುವ ಈ ಯಂತ್ರದ ಮೂಲಪುರುಷ ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ, ಮೇಲೆ ಉಬ್ಬಸ. 1907ರ ಸುಮಾರಿಗೆ ಆತ ಒಂದು ಪೆಟ್ಟಿಗೆಗೆ ಫ್ಯಾನಿನ ಮೋಟರು ಕೂಡಿಸಿ, ಧೂಳು ಹಿಡಿಯಲು ಹಿಂದೆ ದಿಂಬಿನ ಚೀಲ ಕಟ್ಟಿ, ತಳ್ಳಲು ಒಂದು ಹಿಡಿ ಸಿಕ್ಕಿಸಿದ. ಹಿಡಿ ಯಾವುದರದು? ಕಸಬರಿಗೆಯದು! 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಹೂವರ್ ಮನೆತನದವರು ಹಕ್ಕು ಕೊಂಡರು, ಮುಂದೆ ಆ ಹೆಸರೇ ಇಂಗ್ಲೆಂಡಿನಲ್ಲಿ ಕಸ ಗುಡಿಸುವುದಕ್ಕೆ ಕ್ರಿಯಾಪದವಾಯಿತು. ಇಷ್ಟು ತಿಳಿದ ಮೇಲೆ ನಾನು ವಾದ ಬಿಟ್ಟೆ. ಅಂದಿನಿಂದ ನಮ್ಮ ಮನೆಯ ನೆಟ್ಟಗೆ ನಿಲ್ಲುವ ಯಂತ್ರ ಬಾಗಿಲ ಹಿಂದೆ ಮಲಗಿದೆ.

ಅದರ ಸದ್ದಿನ ಮಾತೇ ಬೇರೆ. “ಇದರ ಒದರಾಟಕ್ಕ ಲಕ್ಷ್ಮಿ ಅಲ್ಲ, ಅಂಜನಾದ್ರಿ ಮ್ಯಾಲಿನ ಹನುಮಪ್ಪನೂ ಎದ್ದು ಓಡ್ತಾನ” ಎಂದು ತಾಯಿ ತೀರ್ಪು ಕೊಟ್ಟರು.

ಆದರೆ ಅವರಿಗೆ ನಿಜವಾಗಿ ನೋವಾದದ್ದು ಸದ್ದಿನಿಂದಲ್ಲ, ಆ ಡಬ್ಬಿಯಿಂದ. ಬೆಳಗ್ಗೆ ಅವರು ಗುಡಿಸಿದ ಪಡಸಾಲೆಯ ಮೇಲೆಯೇ ಮಗ ಯಂತ್ರ ಓಡಿಸಿ, ಡಬ್ಬಿಯ ಕಾಲುಭಾಗ ತುಂಬಿದ್ದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅಜ್ಜಿಯ ಜೀವಮಾನದ ದುಡಿಮೆಯನ್ನು ಮೊಮ್ಮಗ ಹೀಗೆ ಪಾರದರ್ಶಕವಾಗಿ ತನಿಖೆ ಮಾಡಬಾರದಿತ್ತು.

ಈ ಯಂತ್ರದವರು ಮಾರುವುದು ಸ್ವಚ್ಛತೆಯನ್ನಲ್ಲ, ಕೊಳೆಯನ್ನು ಎಂಬುದು ನನಗೆ ಹೊಳೆದದ್ದು ಆಗ. ಮೊದಲಿನಿಂದಲೂ ಇದೇ ಕಥೆ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರ ಮನೆಯೊಳಗೆ ಹಿಡಿಸುತ್ತಿರಲಿಲ್ಲ. ಕುದುರೆ ಎಳೆಯುವ ಗಾಡಿಯ ಮೇಲೆ ಅದು ಬೀದಿಯಲ್ಲಿ ನಿಂತು, ಕಿಟಕಿಗಳಿಂದ ಕೊಳವೆ ತೂರಿಸಿ ಒಳಗಿನ ಧೂಳು ಹೀರುತ್ತಿತ್ತು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿ ಗುಡಿಸಿದ್ದೂ ಅದೇ. ಬೂತ್ ಬುದ್ಧಿವಂತ, ಕೊಳವೆಯ ಒಂದು ತುಂಡನ್ನು ಪಾರದರ್ಶಕವಾಗಿಟ್ಟ. ಸಿರಿವಂತ ಹೆಂಗಸರು ಗೆಳತಿಯರನ್ನು ಚಹಕ್ಕೆ ಕರೆದು, ತಮ್ಮ ಮನೆಯ ಧೂಳು ಆ ತುಂಡಿನಲ್ಲಿ ಹಾದುಹೋಗುವುದನ್ನು ತೋರಿಸುತ್ತಿದ್ದರಂತೆ. ನಮ್ಮ ದೇಶದಲ್ಲಿ 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಕಂಪನಿಯ ಹುಡುಗರು ಟೈ ಕಟ್ಟಿಕೊಂಡು, ಯಂತ್ರ ಹಿಡಿದು ಮನೆಮನೆಗೆ ಬಂದಾಗಲೂ ಅಷ್ಟೇ. ನಿನ್ನೆಯಷ್ಟೇ ಬಿಸಿಲಿಗೆ ಹಾಕಿ ತಂದ ಹಾಸಿಗೆಯಿಂದ ಧೂಳು ತೆಗೆದು ಕಣ್ಣೆದುರು ಹಿಡಿದರೆ, ಯಾವ ಗೃಹಿಣಿ ತಾನೆ ತಲೆಯೆತ್ತಿ ನಿಲ್ಲುತ್ತಾಳೆ? ಇಂಗ್ಲೆಂಡಿನ ಜೇಮ್ಸ್ ಡೈಸನ್ ತನ್ನ ಯಂತ್ರಕ್ಕೆ ಒಳಗಿನದು ಕಾಣುವ ಡಬ್ಬಿ ಇಡಲು ಹೊರಟಾಗ, ಜನ ತಮ್ಮ ಕೊಳೆ ತಾವೇ ನೋಡಲು ಇಷ್ಟಪಡುವುದಿಲ್ಲ ಎಂದು ಸಮೀಕ್ಷೆಯವರು ಹೇಳಿದ್ದರು. ಆತ ಕೇಳಲಿಲ್ಲ, ಗೆದ್ದ. ನಮ್ಮ ಮನೆಯದು ಡೈಸನ್ ಕಂಪನಿಯದಲ್ಲ, ಆದರೂ ಗೆದ್ದವನ ಡಬ್ಬಿಯನ್ನು ಈಗ ಎಲ್ಲರೂ ಇಡುತ್ತಾರೆ.

ಹೊಸಪೇಟೆಯಲ್ಲಿ ಮಾತ್ರ ಈ ವ್ಯಾಪಾರಸೂತ್ರ ದಾರಿ ತಪ್ಪಿತು. ಲಂಡನ್ನಿನವರು ಡಬ್ಬಿ ನೋಡಿ ನಾಚಿಕೊಂಡಿರಬಹುದು. ನಮ್ಮ ಬಳಗದವರು ಕುತೂಹಲದಿಂದ ಬಗ್ಗಿ ನೋಡತೊಡಗಿದರು. ಮೊದಲು ಬಂದದ್ದು ಸಂಡೂರಿನ ಸೋದರಮಾವ. ಗಣಿಯ ಸುಗ್ಗಿಯಲ್ಲಿ ಲಾರಿ ಓಡಿಸಿದವರು. ಡಬ್ಬಿ ಕಳಚಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು.

“ಫೈನ್ಸ್ ಚೊಲೋ ಅದಾವಲೋ. 62ರ ಗ್ರೇಡಿಗೆ ಮೋಸ ಇಲ್ಲ. 2008ರಾಗ ಆಗಿದ್ರ ಇದಕ್ಕೂ ಚೀನಾದಾಗ ಗಿರಾಕಿ ಇದ್ದರು.”

ಆ ದಿನಗಳನ್ನು ಕಂಡವರೇ ಬಲ್ಲರು. ಬೀಜಿಂಗ್ ಒಲಿಂಪಿಕ್ಸಿನ ಹೊತ್ತಿಗೆ ಚೀನಾಕ್ಕೆ ಎಷ್ಟು ಉಕ್ಕಿದ್ದರೂ ಸಾಲದು, ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ನಮ್ಮೂರು ಹಾದು ಬೇಲೇಕೇರಿ, ಗೋವಾ ಬಂದರುಗಳ ಕಡೆ ಹೊರಡುತ್ತಿದ್ದವು. ರಸ್ತೆ ಬದಿಯ ಬೇವು ಹಸಿರು ಬಣ್ಣ ಮರೆತಿತ್ತು. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಮನೆಯಿಂದ ಹೊರಟ ಸಂಸಾರಸ್ಥ ಸಂಜೆ ಕಾವಿ ತೊಟ್ಟು ಮನೆಗೆ ಬರುತ್ತಿದ್ದ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಕೆಲವು ಗಣಿಗಳಿಗೆ ಷರತ್ತಿನ ಮೇಲೆ ಮತ್ತೆ ಅಪ್ಪಣೆ ಸಿಕ್ಕಿತು. ನಡುವೆ ನಮ್ಮ ಮನೆಯ ಅಟ್ಟವನ್ನು ಯಾರೂ ಕೇಳಿರಲಿಲ್ಲ. ಈ ಯಂತ್ರದ ಮೂತಿ ಅಲ್ಲಿಗೆ ಹೋಗಿದ್ದೇ ತಡ, ಹಳೆಯ ತಾಮ್ರದ ಹಂಡೆಗಳ ಹಿಂದಿನಿಂದ ಇಡೀ ಸುಗ್ಗಿ ಕೆಳಗಿಳಿಯಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ 2011ರಲ್ಲೇ ಬಂದಿತ್ತು. ನಮ್ಮ ಅಟ್ಟದ ವರದಿ ಈಗ ಬಂತು. ಡಬ್ಬಿ ಎತ್ತಿದರೆ ಕೈ ಸೋಲುವಷ್ಟು ಭಾರ. ಅದಿರು ಮರಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ, ಈ ಲೆಕ್ಕ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇಲ್ಲ. ಅದನ್ನು ಹೊರಗೆ ಚೆಲ್ಲಲು ಹೊರಟಾಗ ಮಾವ ತಡೆದರು: “ಪರ್ಮಿಟ್ ಐತೇನು?”

ಆಮೇಲೆ ಕಂಪ್ಲಿಯಿಂದ ಹೆಂಡತಿಯ ತಮ್ಮ ಬಂದ. ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ಡಬ್ಬಿಯೊಳಗೆ ಧೂಳು ಗಿರ್ರನೆ ಸುತ್ತುವುದನ್ನು ನೋಡಿದವನೇ ನಕ್ಕ. “ಭಾವಾ, ಇದು ಸೈಕ್ಲೋನ್ ಅಲ್ಲೇನ್ರೀ? ನಮ್ಮ ಮಿಲ್ಲಿನ ಮಾಡಿನ ಮ್ಯಾಲ ಐತಲ್ಲ!” ಅವನ ಮಾತು ಅಕ್ಷರಶಃ ನಿಜ. ಕಂಪ್ಲಿ, ಗಂಗಾವತಿಯ ಭತ್ತದ ಸೀಮೆಯಲ್ಲಿ ಓಡಾಡಿದವರು ಗಿರಣಿಗಳ ನೆತ್ತಿಯ ಮೇಲಿನ ಆ ತಗಡಿನ ಶಂಕುಗಳನ್ನು ನೋಡಿಯೇ ಇರುತ್ತಾರೆ. ಗಾಳಿಯನ್ನು ಒಳಗೆ ಸುತ್ತಿಸಿದರೆ ಹೊಟ್ಟು, ಧೂಳು ಗೋಡೆಗೆ ಬಡಿದು ಕೆಳಗೆ ಜಾರುತ್ತದೆ, ಗಾಳಿ ಮಾತ್ರ ಮೇಲಿನಿಂದ ಹೊರಡುತ್ತದೆ. ಡೈಸನ್ ಕೂಡ ಒಂದು ಮರ ಕೊಯ್ಯುವ ಮಿಲ್ಲಿನ ಮೇಲಿದ್ದ ಇಂಥದೇ ಶಂಕು ನೋಡಿ ಯೋಚನೆ ಹಿಡಿದದ್ದು. ಅದನ್ನು ಮನೆಯ ಅಳತೆಗೆ ಇಳಿಸಲು 5,127 ಮಾದರಿ ಮಾಡಬೇಕಾಯಿತಂತೆ. “ಕಂಪ್ಲಿಗೆ ಬಂದಿದ್ರ ನಮ್ಮ ಫಿಟ್ಟರ್ ಕಡೆಯಿಂದ ಹತ್ತರಾಗ ಮುಗಿಸ್ತಿದ್ದೆ” ಎಂದ ಭಾವಮೈದುನ. ಬೆಲೆ ಕೇಳಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟಕ್ಕೆ ಎಷ್ಟು ಚೀಲ ಸೋನಾ ಮಸೂರಿ ಬರುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ ಎಂದು ಅವನ ತುಟಿಯ ಚಲನೆಯಿಂದ ತಿಳಿಯಿತು.

ಹಂಪಿ ನೋಡಲು ಬರುವ ನೆಂಟರು ಬಿಟ್ಟುಹೋಗುವ ಮಣ್ಣಿಗೆ ಮಾತ್ರ ನನ್ನ ಹೆಂಡತಿ ವಿಶೇಷ ಮರ್ಯಾದೆ ಕೊಡುತ್ತಾಳೆ. ಅದರಲ್ಲಿ ಒಂದಷ್ಟಾದರೂ ಕೃಷ್ಣದೇವರಾಯನ ಕುದುರೆ ಎಬ್ಬಿಸಿದ್ದು ಇರಬಹುದು ಎಂಬ ಗುಮಾನಿ ಅವಳದು. ವಿಠ್ಠಲ ದೇವಸ್ಥಾನದ ಕಡೆ ಬ್ಯಾಟರಿ ಗಾಡಿ ಓಡುವ ದಾರಿಯದಷ್ಟೇ ಎಂದು ನಾನು ಹೇಳಿದರೆ ಚರಿತ್ರೆಯ ಬಗ್ಗೆ ಗೌರವವಿಲ್ಲದವನು ಎನ್ನಿಸಿಕೊಳ್ಳುತ್ತೇನೆ.

ಯಂತ್ರದ ಅಸಲು ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಹುಟ್ಟಿದ್ದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಿಗೆ. ಕೆಳಗಿನ ಬ್ರಷ್ಷು ತಿರುಗಿ ಕಾರ್ಪೆಟ್ಟಿನ ಎಳೆ ಬಿಡಿಸಿ, ಬೇರಿನ ಧೂಳು ಎಬ್ಬಿಸಬೇಕು. ನಮ್ಮದು ಕಡಪಾ ಕಲ್ಲಿನ ನೆಲ. ಎಬ್ಬಿಸಲು ಬೇರಿಲ್ಲದೆ ಅದು ಜಮಖಾನದ ಮೇಲೆ, ಅದೂ ಸಾಲದೆ ತಾಯಿಯ ಕೌದಿಯ ಮೇಲೆ ಹೋಗಿ ಹೊಲಿಗೆ ಕಚ್ಚಿತು. ಸಂಡೂರಿನಿಂದ ತಂದ ಲಂಬಾಣಿ ಕಸೂತಿಯ ದಿಂಬಿನ ಕಡೆ ಮೂತಿ ತಿರುಗಿಸಿದಾಗ ಹೆಂಡತಿ ಅಡ್ಡ ಬಂದು ನಿಂತಳು. ಮೂರು ತಲೆಮಾರಿನ ಹೆಂಗಸರ ಉದ್ದ ಕೂದಲು ಬ್ರಷ್ಷಿಗೆ ಸುತ್ತಿಕೊಂಡು, ಅದನ್ನು ಬಿಡಿಸುವುದೇ ನನ್ನ ಭಾನುವಾರದ ಕಾಯಕ.

ಎಲ್ಲಕ್ಕಿಂತ ಸೊಗಸು ಫಿಲ್ಟರಿನದು. 0.3 ಮೈಕ್ರಾನ್ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುವ ಸೂಕ್ಷ್ಮ ಫಿಲ್ಟರು ಒಳಗೊಂದಿದೆ. ಅದಕ್ಕಿಂತ ಮುಂಚಿನ ಸ್ಪಂಜಿನ ಫಿಲ್ಟರನ್ನು ಆಗಾಗ ತೊಳೆದು ಇಡೀ ದಿನ ಒಣಗಿಸಬೇಕೆಂದು ಪುಸ್ತಕದ ಆಜ್ಞೆ. ಹೊಸಪೇಟೆಯ ಏಪ್ರಿಲ್ ಬಿಸಿಲಿಗೆ ಅದು ಸಂಡಿಗೆಗಿಂತ ಮೊದಲೇ ಒಣಗುತ್ತದೆ, ನಿಜ. ಆದರೆ ಮಾಳಿಗೆಯ ಮೇಲೆ ಬೆಳ್ಳಗೆ ಇಟ್ಟದ್ದು ಸಂಜೆಗೆ ಕೆಂಪಗೆ ಕೆಳಗಿಳಿಯುತ್ತದೆ. ಮನೆಯೊಳಗೆ ಫ್ಯಾನಿನ ಕೆಳಗಿಟ್ಟರೆ ಫ್ಯಾನಿನ ರೆಕ್ಕೆಯ ಧೂಳು ಅದರ ಮೇಲೆ. ಕೊನೆಗೆ ಅದನ್ನು ದೇವರಮನೆಯಲ್ಲಿ, ಬಾಗಿಲು ಹಾಕಿ ಒಣಗಿಸುವ ಏರ್ಪಾಡಾಗಿದೆ. ಕೆಲಸಕ್ಕೆ ಬರುವ ಅಕ್ಕ ಇದನ್ನೆಲ್ಲ ನೋಡಿ ಒಂದೇ ಸಲ ಇತ್ಯರ್ಥ ಮಾಡಿದಳು: “ಅದು ಕಸ ತಿಂತೈತಿ, ಅದರ ಹೊಟ್ಟಿ ತೊಳೆಯೋರು ಯಾರು? ನೀವು ಅದನ್ನ ನೋಡಿಕೊಳ್ರಿ, ನಾ ಮನಿ ನೋಡಿಕೊಳ್ತೀನಿ.” ಹೀಗೆ ಕೆಲಸ ಹಂಚಿಕೆಯಾಯಿತು. ಮನೆ ಈಗಲೂ ಕಸಬರಿಗೆಯಿಂದಲೇ ಸ್ವಚ್ಛವಾಗುತ್ತದೆ. ಯಂತ್ರ ಇರುವುದು ಸ್ವಚ್ಛವಾಗಿಲ್ಲ ಎಂದು ತೋರಿಸಲು.

ಈ ಸಲದ ಆಯುಧಪೂಜೆಗೆ ತಾಯಿ ಒಂದು ದಿನದ ಮಟ್ಟಿಗೆ ಶಾಸ್ತ್ರ ಸಡಿಲಿಸಿ ಯಂತ್ರವನ್ನು ನಿಲ್ಲಿಸಲು ಒಪ್ಪಿದರು. ಬೈಕು, ಮಿಕ್ಸಿ, ಈಳಿಗೆ, ಸುತ್ತಿಗೆಗಳ ಸಾಲಿನಲ್ಲಿ ಅದೂ ನಿಂತಿತು. ವಿಭೂತಿ, ಕುಂಕುಮ, ಹಿಡಿಗೆ ಚೆಂಡುಹೂವಿನ ಸರ. ಲಾರಿಗೆ ಮಾಡುವಂತೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಸಂಡೂರಿನ ಮಾವ. ನಿಂಬೆ ಒಡೆಯಬೇಕಾದರೆ ಗಾಡಿ ಚಾಲೂ ಆಗಬೇಕು, ಅದು ಪದ್ಧತಿ ಎಂದು ಸ್ವಿಚ್ಚು ಒತ್ತಿದವರೂ ಅವರೇ. ನಿಂಬೆ ಒಡೆಯಲಿಲ್ಲ. ಮುಂದಿದ್ದ ರಂಗೋಲಿ, ಅರಿಶಿನ, ಕುಂಕುಮ, ಅಕ್ಷತೆ, ಅರ್ಧ ಹೂವಿನ ಸರ ಒಂದೇ ಉಸಿರಿಗೆ ಒಳಗೆ ಹೋದವು. ತಾಯಿ ಆರತಿ ತಟ್ಟೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಮಾವ ಮಾತ್ರ ಶಾಂತವಾಗಿ ಬಗ್ಗಿ, ಡಬ್ಬಿಯೊಳಗೆ ಕೆಂಪು ಹಳದಿ ಬಿಳಿ ಬೆರೆತು ಸುತ್ತುವುದನ್ನು ನೋಡಿ, ತಲೆ ಅಲ್ಲಾಡಿಸಿದರು.

“ಅಕ್ಕಾ, ಗ್ರೇಡ್ ಕೆಡಿಸಿಬಿಟ್ಟಿ.”